ನಾಲ್ಕು ಸಾಲಿನ ಜಾಗ

ಜಯಲಕ್ಷ್ಮಿಪುರಂ, ಹೊರಡುವ ಮುನ್ನ

ಜನರನ್ನು ಹೊಡೆಯದೆ ಚದುರಿಸುವುದು ಹೇಗೆಂದು ಕಲಿತು ಬರಲು ಸರ್ಕಾರ ನನ್ನನ್ನು ಇಂಗ್ಲೆಂಡಿಗೆ ಕಳಿಸಿತು. ಹೊಡೆದು ಹೆಸರು ಕೆಡಿಸಿಕೊಂಡಿದ್ದ ನನಗಿಂತ ಯೋಗ್ಯ ವಿದ್ಯಾರ್ಥಿ ಇನ್ನೆಲ್ಲಿ ಸಿಗಬೇಕು ಎಂದು ಗೆಳೆಯರು ಛೇಡಿಸಿದರು. ಆಯ್ಕೆ ನಡೆದದ್ದು ಅಷ್ಟು ನ್ಯಾಯವಾಗಿ ಏನಲ್ಲ. ಹೋಗಬೇಕಾಗಿದ್ದವರು ನನ್ನ ಮೇಲಧಿಕಾರಿ, ಅವರ ಮಗಳ ಮದುವೆ ಗೊತ್ತಾಯಿತು. ಎರಡನೆಯವರ ಪಾಸ್‌ಪೋರ್ಟಿನಲ್ಲಿ ಏನೋ ತಕರಾರು. ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನದಿತ್ತು. ನಾನು ಕೆಲವು ದಿನ ಊರಿನಲ್ಲಿ ಇಲ್ಲದಿದ್ದರೆ ಇಲಾಖೆಗೂ ನೆಮ್ಮದಿ ಎಂಬ ಲೆಕ್ಕಾಚಾರ ಬೇರೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನಾಗ ಮೈಸೂರಿನ ಒಂದು ಠಾಣೆಯಲ್ಲಿ ಇನ್ಸ್‌ಪೆಕ್ಟರ್. ಮೇಟಗಳ್ಳಿಯ ಒಂದು ಕಾರ್ಖಾನೆಯವರು ಕೆಲವು ಕೆಲಸಗಾರರನ್ನು ತೆಗೆದುಹಾಕಿದ್ದರು, ಉಳಿದವರು ಗೇಟಿನ ಮುಂದೆ ಕೂತಿದ್ದರು. ಮೂರನೆಯ ದಿನ ನನಗೆ ಮೇಲಿನಿಂದ ಫೋನು ಬಂತು: ಮಧ್ಯಾಹ್ನದೊಳಗೆ ಗೇಟು ತೆರವಾಗಬೇಕು. ನಾನು ಜೀಪು ಹತ್ತುವ ಮುಂಚೆ ನಮ್ಮ ಠಾಣೆಯ ದಿನಚರಿ ಬರೆಯುವ ರೈಟರ್, ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಯ್ಯನವರಿಗೆ, "ಡೈರೀಲಿ ನಾಲ್ಕು ಸಾಲು ಜಾಗ ಬಿಟ್ಟಿರಿ" ಎಂದೆ. ಇದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಹೋಗುವಾಗ ಜಾಗ ಬಿಡುವುದು, ಬಂದ ಮೇಲೆ ತುಂಬುವುದು. ಆ ನಾಲ್ಕು ಸಾಲಿಗೆ ಏನು ಬರೆಯಬೇಕೆಂದು ಪುಟ್ಟಮಾದಯ್ಯನವರಿಗೆ ಬಾಯಿಪಾಠ: ಧ್ವನಿವರ್ಧಕದ ಮೂಲಕ ಮೂರು ಬಾರಿ ಎಚ್ಚರಿಕೆ ನೀಡಲಾಯಿತು, ಗುಂಪು ಚದುರದೆ ಕಲ್ಲು ತೂರಾಟಕ್ಕೆ ತೊಡಗಿದ್ದರಿಂದ ಕನಿಷ್ಠ ಬಲ ಪ್ರಯೋಗಿಸಲಾಯಿತು. ಮುತ್ತು ಪೋಣಿಸಿದಂಥ ಅಕ್ಷರ ಅವರದು.

ನಡೆದದ್ದು ಬೇರೆ. ಹ್ಯಾಂಡ್ ಮೈಕಿನ ಸೆಲ್ಲು ಸತ್ತಿತ್ತು. ನಾನು ಬರಿ ಬಾಯಲ್ಲಿ ಕೂಗಿದೆ. ಮುಂದಿನ ಸಾಲಿನವರಿಗೆ ಕೇಳಿಸಿತೋ ಏನೋ, ಹಿಂದಿನವರು ಬುತ್ತಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ಗಂಟಲು ಕಟ್ಟಿತು, ಬಿಸಿಲು ನೆತ್ತಿಗೆ ಏರಿತ್ತು, ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲವೆಂದು ರೇಗಿಹೋಯಿತು. ಲಾಠಿಗೆ ಹೇಳಿಬಿಟ್ಟೆ. ನಿಂಗೇಗೌಡ ಎಂಬ ಲೇತ್ ಯಂತ್ರದ ಕೆಲಸಗಾರ ತಲೆಗೆ ಅಡ್ಡ ಕೈ ಇಟ್ಟುಕೊಂಡ. ಬಲ ಮಣಿಕಟ್ಟು ಮುರಿಯಿತು. ಗಲಭೆ ಮಾಡಿದನೆಂದು ಕಾರ್ಖಾನೆ ಅವನನ್ನು ತೆಗೆದುಹಾಕಿತು, ಅದಕ್ಕೆ ಅವರು ತೋರಿಸಿದ ಆಧಾರ ನಮ್ಮ ಡೈರಿಯ ಆ ನಾಲ್ಕು ಸಾಲು. ಕೆಲಸಗಾರರು ಬಿಡಲಿಲ್ಲ, ವಿಚಾರಣೆ ಆಗಲೇಬೇಕೆಂದು ಹಟ ಹಿಡಿದರು. ನಾನು ಇಂಗ್ಲೆಂಡಿನಿಂದ ಹಿಂತಿರುಗುವ ವಾರದಲ್ಲೇ ವಿಚಾರಣಾಧಿಕಾರಿಯ ಮುಂದೆ ನನ್ನ ಹೇಳಿಕೆ ನಿಗದಿಯಾಗಿತ್ತು. ನಾನು ಡೈರಿ ಸರಿ ಎಂದರೆ ನಿಂಗೇಗೌಡನ ಅನ್ನ ಹೋಯಿತು, ತಪ್ಪು ಎಂದರೆ ನನ್ನದು ಹೋಗಬಹುದು.

ಹೊರಡುವ ಹಿಂದಿನ ದಿನ ಪುಟ್ಟಮಾದಯ್ಯ ಮನೆಗೆ ಬಂದರು. ನನ್ನ ಹೆಂಡತಿ ಗಿರಿಜಾ ಕಾಫಿ ಕೊಟ್ಟಳು. ಅವರು ಜೇಬಿನಿಂದ ಒಂದು ಮಸಿ ಪೆನ್ನು ತೆಗೆದು ನನ್ನ ಮುಂದಿಟ್ಟು, "ಅಲ್ಲಿ ಹೇಳ್ಕೊಟ್ಟಿದ್ದೆಲ್ಲ ಇದ್ರಲ್ಲೇ ಬರ್ಕೊಂಡ್ ಬನ್ನಿ ಸಾರ್. ಇಚಾರಣೆ ಯೋಚ್ನೆ ಮಾತ್ರ ಬುಟ್ಬುಡಿ. ಡೈರಿ ಗಟ್ಟಿಯಾಗದೆ. ನಾನ್ ಬರ್ದಿದ್ದು ಇವತ್ಗಂಟ ಯಾವ್ ಕೋರ್ಟಲ್ಲೂ ಬಿದ್ದೋಗಿಲ್ಲ" ಎಂದರು. ಅವರ ಸರ್ವಿಸು ಮುಗಿಯಲು ಒಂದೂವರೆ ವರ್ಷ ಉಳಿದಿತ್ತು.

ಅವರು ಹೋದ ಮೇಲೆ ಗಿರಿಜಾ ಪೆಟ್ಟಿಗೆಗೆ ಚಟ್ನಿಪುಡಿ ತುರುಕುತ್ತ, "ಏನೂಂದ್ರೆ, ಹೊಡೀಬಾರ್ದು ಅಂತ ಕಲಿಯೋಕೆ ಅಷ್ಟು ದೂರ ಹೋಗ್ಬೇಕಾ?" ಎಂದಳು. ನಾನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ.

ವಿಮಾನ ನಿಲ್ದಾಣ

ಇಳಿದ ಕೂಡಲೇ ನನ್ನನ್ನು ಹಿಡಿದರು. ಗಿರಿಜಾ ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕು ವಿಭೂತಿ ಗಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಳು. ಕಸ್ಟಮ್ಸಿನ ಕೆಂಪು ಕಿವಿಯ ಯುವಕ ಅದನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳಿದ.

"ಬೂದಿ" ಎಂದೆ.

ಅವನ ಮುಖ ಮೃದುವಾಯಿತು. "ಕ್ಷಮಿಸಿ ಸಾರ್. ಯಾರದು?"

ಸತ್ತವರದಲ್ಲ, ಹಸುವಿನದು ಎಂದೆ. ಹಸು ಯಾವಾಗ ತೀರಿಕೊಂಡಿತು ಎಂದು ಕೇಳಿದ. ಹಸು ಸುಖವಾಗಿದೆ, ಇದು ಅದರ ಸಗಣಿ ಸುಟ್ಟ ಬೂದಿ, ನಾನಿದನ್ನು ಹಣೆಗೆ ಬಳಿದುಕೊಳ್ಳುತ್ತೇನೆ ಎಂದು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನನ್ನ ಮೇಲೆ ಅನುಮಾನ ಬಂತು. ಅವನು ಗಟ್ಟಿಯನ್ನು ತಪಾಸಣೆಗೆ ಒಳಗೆ ಕಳಿಸಿ, ಬೆಂಚು ತೋರಿಸಿದ. ನಾನು ಪೊಲೀಸ್ ಅಧಿಕಾರಿ ಎಂದೆ. ನಮ್ಮಲ್ಲಾದರೆ ಆ ಮಾತಿಗೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಅವನು, "ಸಂತೋಷ ಸಾರ್, ದಯವಿಟ್ಟು ಕೂತಿರಿ" ಎಂದ.

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಎಷ್ಟು ಜನರನ್ನು ಬೆಂಚಿನ ಮೇಲೆ ಕೂರಿಸಿ ಮರೆತುಬಿಟ್ಟಿದ್ದೇನೋ. ನನ್ನನ್ನು ಮರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಯುವಕ ಬಂದು, ಮುರಿದ ಒಂದು ಗಟ್ಟಿಗೆ ಕ್ಷಮೆ ಕೇಳಿ, ಒಂದು ಕಾಗದ ಕೊಟ್ಟ. ನನ್ನನ್ನು ಯಾಕೆ ತಡೆದದ್ದು, ಎಷ್ಟು ಗಂಟೆಗೆ, ಎಷ್ಟು ಗಂಟೆಗೆ ಬಿಟ್ಟದ್ದು ಎಲ್ಲವೂ ಅದರಲ್ಲಿತ್ತು. ತಡೆದವನ ಸಹಿ ಕೂಡ. ಅಷ್ಟು ಉದ್ದದ ಕಾಗದ ನಮ್ಮಲ್ಲಿ ಕೊಲೆ ಕೇಸಿಗೂ ಒಂದೇ ದಿನದಲ್ಲಿ ತಯಾರಾಗುವುದಿಲ್ಲ.

ತರಬೇತಿ ಕಾಲೇಜು, ಮೊದಲ ವಾರ

ಊರು ಇಂಗ್ಲೆಂಡಿನ ಉತ್ತರಕ್ಕೆ. ಹೆಸರು ಬೇಡ, ಅವರು ನನಗೆ ಒಳ್ಳೆಯದನ್ನೇ ಮಾಡಿದರು. ಆಕಾಶ ಒಗೆದು ಹಿಂಡದ ಬಟ್ಟೆಯ ಹಾಗೆ ದಿನವಿಡೀ ತೊಟ್ಟಿಕ್ಕುತ್ತಿತ್ತು. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ಅಡುಗೆಯವರು ಮೂರು ಹೊತ್ತೂ ಆಲೂಗಡ್ಡೆ ಕೊಟ್ಟರು. ಬೇಯಿಸಿದ್ದು, ಹುರಿದದ್ದು, ಅರೆದದ್ದು. ಚಟ್ನಿಪುಡಿ ಇಲ್ಲದಿದ್ದರೆ ನಾನು ವಿಚಾರಣೆಯವರೆಗೂ ಉಳಿಯುತ್ತಿರಲಿಲ್ಲ.

ನಮಗೆ ಪಾಠ ಹೇಳುತ್ತಿದ್ದವರು ಬ್ರಯನ್ ಎಂಬ ನಿವೃತ್ತ ಅಧಿಕಾರಿ, ಆರಡಿ ಎತ್ತರದ ಮನುಷ್ಯ. ಚಹಾ ಕುಡಿದ ಮೇಲೆ ತಮ್ಮ ಕಪ್ಪನ್ನು ತಾವೇ ತೊಳೆಯುತ್ತಿದ್ದರು. ನಾನು ಅಭ್ಯಾಸಬಲದಿಂದ ಕಪ್ಪನ್ನು ಮೇಜಿನ ಮೇಲೆ ಬಿಟ್ಟು ಏಳುತ್ತಿದ್ದೆ. ಮೂರನೆಯ ದಿನ ಕಪ್ಪಿನ ಮೇಲೆ ಒಂದು ಚೀಟಿ ಅಂಟಿಸಿತ್ತು: "ನಾನಿನ್ನೂ ನಿಮಗಾಗಿ ಕಾಯುತ್ತಿದ್ದೇನೆ." ಮನೆಯಲ್ಲಿ ನನ್ನ ಬೂಟಿಗೆ ಪಾಲಿಷ್ ಹಾಕಲು, ಸೊಪ್ಪು ತರಲು ಒಬ್ಬ ಆರ್ಡರ್ಲಿ ಇದ್ದ. ಅವನಿಗೆ ಅಲ್ಲಿಂದ ಒಂದು ಚಿತ್ರದ ಕಾರ್ಡು ಬರೆದೆ, ಕಪ್ಪಿನ ವಿಷಯ ಬರೆಯಲಿಲ್ಲ.

ಒಂದು ಮಧ್ಯಾಹ್ನ ಬ್ರಯನ್ ನಮ್ಮೆಲ್ಲರನ್ನೂ ನಿಮ್ಮ ನಿಮ್ಮ ಕಡೆ ನೂಕುನುಗ್ಗಲು ಹೇಗೆ ತಪ್ಪಿಸುತ್ತೀರಿ ಎಂದು ಕೇಳಿದರು. ನನ್ನ ಸರದಿ ಬಂದಾಗ ಒಂದೇ ಪದ ಹೇಳಿದೆ: ಕೂರಿಸುತ್ತೇವೆ. ನಾನು ಓದಿದ್ದು ಮಠದ ವಿದ್ಯಾರ್ಥಿ ನಿಲಯದಲ್ಲಿ. ಜಾತ್ರೆಯಿರಲಿ, ಗದ್ದುಗೆ ಪೂಜೆಯಿರಲಿ, ಸಾವಿರಗಟ್ಟಲೆ ಜನ ಪ್ರಸಾದಕ್ಕೆ ಬರುತ್ತಿದ್ದರು. ಬಡಿಸುವ ಗುರುಪಾದಪ್ಪನವರು ಕೈಯಲ್ಲಿ ಸೌಟು ಬಿಟ್ಟರೆ ಬೇರೇನೂ ಹಿಡಿದವರಲ್ಲ. "ಕೂತೋರಿಗೆ ಮೊದ್ಲು" ಎಂದು ಒಂದು ಸಲ ಕೂಗಿದರೆ ಸಾಕು, ಜನ ಸಾಲು ಸಾಲಾಗಿ ಕೂತುಬಿಡುತ್ತಿದ್ದರು. ಕೂತವನು ನುಗ್ಗುವುದಿಲ್ಲ. ಬನ್ನಿಮಂಟಪದಲ್ಲಿ ದಸರೆಯ ಪಂಜಿನ ಕವಾಯತಿಗೆ ಬರುವ ಜನಸಾಗರವನ್ನೂ ನಾವು ಹಾಗೆಯೇ ಕೂರಿಸುತ್ತೇವೆ ಎಂದು ವಿವರಿಸಿದೆ.

ಬ್ರಯನ್‌ಗೆ ಖುಷಿಯೋ ಖುಷಿ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದರು. ಬೇರೆ ದೇಶದ ಅಧಿಕಾರಿಗಳು ಪುಸ್ತಕದಲ್ಲಿ ಬರೆದುಕೊಂಡರು. ಮೈಸೂರಿನ ಮಾನವನ್ನು ಸಮುದ್ರದಾಚೆ ಎತ್ತಿಹಿಡಿದೆನೆಂದು ನಾನು ಬೀಗಿದೆ. ಆಗ ಬ್ರಯನ್ ಚಾಕ್ ಕೆಳಗಿಟ್ಟು, "ಜನ ಮೊದಲೇ ಕೂತಿದ್ದರೆ ಆಗ ಏನು ಮಾಡುತ್ತೀರಿ?" ಎಂದರು.

ಅವರು ಸಹಜವಾಗಿಯೇ ಕೇಳಿದ್ದು. ನಾನು ಬಾಯಿ ತೆರೆದೆ. ಬುತ್ತಿ ಬಿಚ್ಚಿ ಕೂತವರು ಕಣ್ಣ ಮುಂದೆ ಬಂದರು. "ಕೂತವರಿಗೆ ಏನೂ ಮಾಡಬೇಕಾಗಿಲ್ಲ" ಎಂದೆ.

"ಸರಿಯಾದ ಉತ್ತರ" ಎಂದರು ಬ್ರಯನ್. ಎಲ್ಲರೂ ಮೇಜು ತಟ್ಟಿ ಮೆಚ್ಚಿಕೊಂಡರು. ಅಷ್ಟು ನಾಚಿಕೆಯಾದದ್ದು ನನಗೆ ಆಯಸ್ಸಿನಲ್ಲೇ ನೆನಪಿಲ್ಲ.

ಮೆರವಣಿಗೆ ನೋಡಿದ ದಿನ

ಎರಡನೆಯ ವಾರ ನಮ್ಮನ್ನು ಪೇಟೆಗೆ ಕರೆದೊಯ್ದರು. ಒಂದು ಹಳೆಯ ಗ್ರಂಥಾಲಯ ಮುಚ್ಚುತ್ತಾರಂತೆ, ಅದರ ವಿರುದ್ಧ ಮೆರವಣಿಗೆ. ಬಹುಪಾಲು ಮುದುಕರು, ಮುದುಕಿಯರು, ಮಳೆಕೋಟು ತೊಟ್ಟವರು. ಬಸ್ಸಿಗೆ ಕಾಯುವಾಗ ಇಬ್ಬರೇ ಇದ್ದರೂ ಸಾಲಿನಲ್ಲಿ ನಿಲ್ಲುವ ಜನ ಅವರು, ಮೆರವಣಿಗೆಯಲ್ಲೂ ಹಾಗೆಯೇ ಇದ್ದರು. ಮುಂದೆ ನಡೆಯುತ್ತಿದ್ದ ಇನ್ಸ್‌ಪೆಕ್ಟರು ಮೆರವಣಿಗೆಯ ಮುಖಂಡನ ಜೊತೆ ಹರಟುತ್ತ ಹೋಗುತ್ತಿದ್ದ. ಬೂಟಿನ ದಾರ ಕಟ್ಟಿಕೊಳ್ಳಲು ಒಬ್ಬ ಅಜ್ಜ ಬಗ್ಗಿದಾಗ, ಪಕ್ಕದ ಕಾನ್‌ಸ್ಟೇಬಲ್ ಅವನ ಫಲಕವನ್ನು ಹಿಡಿದುಕೊಂಡು ನಿಂತ. ಫಲಕದಲ್ಲಿ ಸರ್ಕಾರಕ್ಕೆ ಬೈಗುಳ. ಇನ್ನೊಬ್ಬ ಕಾನ್‌ಸ್ಟೇಬಲ್ ಹೂವಿನ ಪಾತಿ ತುಳಿದನೆಂದು ಒಬ್ಬ ಅಜ್ಜಿ ಛತ್ರಿಯಿಂದ ಅವನ ಮೊಣಕಾಲಿಗೆ ತಿವಿದಳು. ಅವನು ಕ್ಷಮೆ ಕೇಳಿ ಪಕ್ಕಕ್ಕೆ ಸರಿದ. ನಮ್ಮಲ್ಲಾದರೆ ಅಜ್ಜಿಯ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸು.

ನನಗೆ ಮೆಚ್ಚುಗೆಯಾಗಬೇಕಿತ್ತು. ಆದದ್ದು ಸಿಟ್ಟು. ಗುಂಪು ಚದುರಿಸುವ ಕಾಯಿದೆಯನ್ನು ನಮಗೆ ಬರೆದುಕೊಟ್ಟು ಹೋದವರು ಇವರೇ. ಲಾಠಿ ಹಿಡಿಯುವ ರೀತಿ, ಬೀಸುವ ರೀತಿ, ಆಮೇಲೆ ಬರೆಯುವ ವಾಕ್ಯ ಎಲ್ಲವನ್ನೂ ಕಲಿಸಿ, ಈಗ ಕರೆದು ಕೂರಿಸಿ ಅದೆಲ್ಲ ತಪ್ಪು ಎನ್ನುತ್ತಿದ್ದಾರೆ. ವಾಪಸು ಬರುವಾಗ ವ್ಯಾನಿನಲ್ಲಿ ಇದನ್ನೇ ಬ್ರಯನ್‌ಗೆ ಸ್ವಲ್ಪ ಸಕ್ಕರೆ ಹಚ್ಚಿ ಹೇಳಿದೆ. ನಿಮ್ಮದು ಹೊಟ್ಟೆ ತುಂಬಿದ ಜನ, ನಮ್ಮಲ್ಲಿ ಬಂದು ನೋಡಿ ಎಂದೂ ಸೇರಿಸಿದೆ.

ಅವರು ಕಿಟಕಿಯಾಚೆ ನೋಡುತ್ತ, "ನಾನು ಹೊಸಬನಾಗಿದ್ದಾಗ ನಾವೂ ಹೊಡೆದಿದ್ದೇವೆ. ಹೊಡೆದದ್ದಕ್ಕಿಂತ ಆಮೇಲೆ ಬರೆದದ್ದು ಹೆಚ್ಚು ಕೆಟ್ಟದ್ದಿತ್ತು. ನಾಳೆ ಜೋನ್ ಬರುತ್ತಾಳೆ, ಅವಳ ಪುಸ್ತಕ ನೋಡಿ" ಎಂದರು. ಜಗಳಕ್ಕೆ ಸಿದ್ಧನಾಗಿದ್ದ ನನಗೆ ಎದುರಾಳಿಯೇ ಇಲ್ಲದಂತಾಯಿತು.

ಅಭ್ಯಾಸದ ದಿನ

ಜೋನ್ ನಿವೃತ್ತಿಯ ಅಂಚಿನ ಹೆಂಗಸು, ಬಿಡುವಿನಲ್ಲಿ ಉಣ್ಣೆ ಹೆಣೆಯುತ್ತಿದ್ದಳು. ಅವಳ ಕೆಲಸ ಬರೆಯುವುದು. ಬಂದೋಬಸ್ತಿನ ಹೊಣೆ ಹೊತ್ತ ಅಧಿಕಾರಿ ಎಲ್ಲಿರುತ್ತಾನೋ ಅಲ್ಲೇ ಪಕ್ಕದಲ್ಲಿ ಅವಳು. ಅವನು ಏನು ತೀರ್ಮಾನಿಸಿದ, ಯಾವ ಹೊತ್ತಿಗೆ, ಯಾಕೆ ಎಂದು ಅಲ್ಲಿಂದಲ್ಲಿಗೆ ಮಸಿಯಲ್ಲಿ ಬರೆಯಬೇಕು. ಏನೂ ಮಾಡಬಾರದೆಂದು ತೀರ್ಮಾನಿಸಿದರೆ ಅದನ್ನೂ ಕಾರಣ ಸಮೇತ ಬರೆಯಬೇಕು. ಪುಟ್ಟಮಾದಯ್ಯನವರ ಕೆಲಸವೇ ಎಂದುಕೊಂಡೆ.

ಅವತ್ತು ನನ್ನನ್ನು ಅಧಿಕಾರಿಯ ಕುರ್ಚಿಯಲ್ಲಿ ಕೂರಿಸಿದರು. ಕಾಲೇಜಿನ ಅಂಗಳದಲ್ಲಿ ತಗಡಿನ ಗೇಟು ನಿಲ್ಲಿಸಿ ಅದನ್ನು ಕಾರ್ಖಾನೆ ಎಂದರು. ಪಕ್ಕದೂರಿನ ನಾಟಕ ತಂಡದವರು ಮುಷ್ಕರದ ಕೆಲಸಗಾರರು. ಬೇರೆ ಏನನ್ನಾದರೂ ಅಭ್ಯಾಸಕ್ಕೆ ಇಟ್ಟುಕೊಳ್ಳಬಾರದಿತ್ತೇ ಎನಿಸಿತು. ಸೀಟಿ ಊದಲು ಇನ್ನೂ ಹತ್ತು ನಿಮಿಷವಿತ್ತು. ಜೋನ್ ಪುಸ್ತಕ ತೆರೆದು ಪೆನ್ನು ಹಿಡಿದಳು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಇಲ್ಲಿ ನಾಲ್ಕು ಸಾಲು ಜಾಗ ಬಿಡಿ" ಎಂದೆ.

ಅವಳು ಕನ್ನಡಕದ ಮೇಲಿಂದ ನೋಡಿದಳು. "ಯಾತಕ್ಕೆ?"

"ಎಚ್ಚರಿಕೆ ಕೊಟ್ಟದ್ದನ್ನು ಬರೆಯಲು."

"ಎಚ್ಚರಿಕೆ ಕೊಟ್ಟಿರಾ? ನನಗೆ ಕೇಳಿಸಲಿಲ್ಲ."

"ಇಲ್ಲ, ಇನ್ನೂ ಕೊಟ್ಟಿಲ್ಲ. ಆಮೇಲೆ ಬರೆಯಲು."

"ಕೊಟ್ಟರೆ ಆಗ ಬರೆಯುತ್ತೇನೆ" ಎಂದಳು. "ಕೊಡದಿದ್ದರೆ ಆ ಜಾಗದಲ್ಲಿ ಏನಿರುತ್ತದೆ?"

ಅವಳು ಹಂಗಿಸಲಿಲ್ಲ, ದನಿ ಏರಿಸಲಿಲ್ಲ. ಗಡಿಯಾರ ನೋಡಿ ಗಂಟೆ ನಿಮಿಷ ಬರೆದು, ಅದರ ಮುಂದೆ ಬರೆದಳು: ಅಧಿಕಾರಿ ನಾಲ್ಕು ಸಾಲು ಖಾಲಿ ಬಿಡಲು ಹೇಳಿದರು, ಬಿಡಲಿಲ್ಲ. ಇದನ್ನೂ ಬರೆಯಬೇಕೇ ಎಂದು ಕೇಳಿದೆ. "ನೀವು ಹೇಳಿದಿರಲ್ಲ" ಎಂದಳು. "ನಿಮ್ಮ ಮಾತನ್ನು ಪಾಲಿಸಿ ನಾಳೆ ನಾನು ಸಿಕ್ಕಿಕೊಂಡರೆ? ಹೇಳಿದವರು ಯಾರೆಂದು ಪುಸ್ತಕದಲ್ಲಿ ಇರಬೇಡವೇ?" ಅಭ್ಯಾಸ ಮುಗಿದ ಮೇಲೆ ಪುಟದ ಕೊನೆಯಲ್ಲಿ ಉಳಿದ ಖಾಲಿ ಭಾಗಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಸಹಿ ಹಾಕಿದಳು. ಇನ್ನು ಅಲ್ಲಿ ದೇವರೇ ಬಂದರೂ ಒಂದಕ್ಷರ ತುರುಕಲಾರ.

ಅಭ್ಯಾಸ ಚೆನ್ನಾಗಿಯೇ ನಡೆಯಿತಂತೆ. ಮೈಕಿನಲ್ಲಿ ಮಾತಾಡಿದೆ, ಮುಖಂಡರನ್ನು ಕರೆದು ಮಾತಾಡಿದೆ, ಕೊನೆಗೆ ನಾಟಕದ ಕೆಲಸಗಾರರು ಬಾವುಟ ಸುತ್ತಿಕೊಂಡು ಚಹಾಕ್ಕೆ ಹೋದರು. ಬ್ರಯನ್ ಬೆನ್ನು ತಟ್ಟಿದರು. ನಾನು ಕೋಣೆಗೆ ಬಂದು ಪುಟ್ಟಮಾದಯ್ಯನವರ ಪೆನ್ನಿನಲ್ಲೇ ಬರೆದುಕೊಂಡೆ: ಸೆಲ್ಲು ಸತ್ತಿತ್ತು. ಕೂತಿದ್ದರು. ಊಟ ಮಾಡುತ್ತಿದ್ದರು. ಹಾಗೆಯೇ ಹೇಳುವುದು. ಏನಾದರೂ ಆಗಲಿ ಎಂದುಕೊಂಡ ಮೇಲೆ ಅವತ್ತಿನ ಆಲೂಗಡ್ಡೆಯೂ ರುಚಿಸಿತು.

ಮತ್ತೆ ಮೈಸೂರು

ವಿಚಾರಣೆ ಒಂದು ಹಳೆಯ ಸರ್ಕಾರಿ ಕಟ್ಟಡದಲ್ಲಿ. ವರಾಂಡದಲ್ಲಿ ಪುಟ್ಟಮಾದಯ್ಯ ನನಗಾಗಿ ಕಾಯುತ್ತಿದ್ದರು, ಸ್ಟಾರ್ಚ್ ಹಾಕಿದ ಯೂನಿಫಾರಂ. "ಬಂದ್ಬುಟ್ರಾ ಸಾರ್? ಇಳ್ದೋಗ್ಬುಟ್ಟಿದ್ದೀರಲ್ಲ, ಊಟ ಸರಿಗಿರ್ಲಿಲ್ವಾ?" ಎಂದು ಕೇಳಿ, ಕಂಕುಳಲ್ಲಿದ್ದ ಡೈರಿಯನ್ನು ತಟ್ಟಿ ತೋರಿಸಿದರು. ನಾನು ಏನು ಹೇಳಲಿದ್ದೇನೆಂದು ಅವರಿಗೆ ಮೊದಲೇ ತಿಳಿಸಬೇಕಿತ್ತು. ಆಗಲೇ ಒಳಗಿನಿಂದ ನನ್ನ ಹೆಸರು ಕೂಗಿದರು.

ಒಳಗೆ ಮೂಲೆಯ ಬೆಂಚಿನಲ್ಲಿ ನಿಂಗೇಗೌಡ ಕೂತಿದ್ದ. ಬಲಗೈಯನ್ನು ಎಡಗೈಯಿಂದ ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದ.

ವಿಚಾರಣಾಧಿಕಾರಿ ಧ್ವನಿವರ್ಧಕದ ವಿಷಯ ಕೇಳಿದರು. "ಸೆಲ್ಲು ಸತ್ತಿತ್ತು ಸಾರ್. ಬಾಯಲ್ಲಿ ಕೂಗಿದೆ, ಹಿಂದಿನವರಿಗೆ ಕೇಳಿಸಿಲ್ಲ" ಎಂದೆ. ಕಲ್ಲು? ಯಾರೂ ಎಸೆಯಲಿಲ್ಲ. ಜನ ನುಗ್ಗಿದರೇ? ಕೂತಿದ್ದರು, ಊಟ ಮಾಡುತ್ತಿದ್ದರು. ಲಾಠಿಗೆ ಹೇಳಿದ್ದು ಯಾರು? ನಾನೇ. ಒಂದೊಂದು ಉತ್ತರಕ್ಕೂ ಎದೆಯ ಮೇಲಿನ ಭಾರ ಇಳಿಯುತ್ತಿತ್ತು. ನಿಂಗೇಗೌಡ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಅವನು ನೋಡುತ್ತಿರುವುದು ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

"ಹಾಗಾದರೆ ಡೈರಿಯ ಈ ನಾಲ್ಕು ಸಾಲು ಯಾರ ಕೈಬರಹ?" ಎಂದು ಅಧಿಕಾರಿ ಮುಂದಿದ್ದ ಡೈರಿಯ ನಕಲಿನ ಮೇಲೆ ಬೆರಳಿಟ್ಟರು.

"ನಮ್ಮ ರೈಟರ್ ಪುಟ್ಟಮಾದಯ್ಯನವರದು."

"ಸರಿ" ಎಂದು ಅವರು ಬರೆದುಕೊಂಡರು. ಯಾರು ಬರೆಸಿದ್ದು ಎಂದು ಕೇಳಲಿಲ್ಲ. ಮುಂದಿನ ಪ್ರಶ್ನೆ ಅದೇ ಬರುತ್ತದೆಂದು ನಾನು ಕಾದೆ. ಅಷ್ಟರಲ್ಲಿ ಕಾಫಿ ಬಂತು. ಅಧಿಕಾರಿ ಲೋಟ ಕೈಗೆತ್ತಿಕೊಂಡು, ನೀವು ಹೋಗಬಹುದು, ಇಷ್ಟು ನೇರವಾಗಿ ಮಾತಾಡಿದ ಪೊಲೀಸರನ್ನು ನೋಡಿರಲಿಲ್ಲ ಎಂದರು. ನಾನು ಎದ್ದು ಸೆಲ್ಯೂಟ್ ಹೊಡೆದೆ. ಬಾಯಲ್ಲಿ ಇನ್ನೂ ಒಂದು ವಾಕ್ಯ ಇತ್ತು: ಜಾಗ ಬಿಡಲು ಹೇಳಿದ್ದು ನಾನು. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊಗಳಿಸಿಕೊಂಡ ಮೇಲೆ ಹೇಳಲು ಮನಸ್ಸು ಬರಲಿಲ್ಲ, ಅಷ್ಟೇ ನಿಜ. ನನ್ನ ನಂತರ ಪುಟ್ಟಮಾದಯ್ಯನವರನ್ನು ಕರೆದರು. ಬಾಗಿಲಲ್ಲಿ ಎದುರಾದಾಗ ಅವರು ನಕ್ಕರು, ನಾನು ನೆಲ ನೋಡಿಕೊಂಡು ಬಂದೆ.

ವರದಿ ಬಂತು. ನಿಂಗೇಗೌಡನ ಮೇಲಿನ ಆಪಾದನೆ ಬಿದ್ದುಹೋಯಿತು, ಕಾರ್ಖಾನೆ ಅವನನ್ನು ವಾಪಸು ತೆಗೆದುಕೊಂಡಿತು. ಆದರೆ ಆ ಮಣಿಕಟ್ಟು ಲೇತಿಗೆ ಆಗಿಬರಲಿಲ್ಲ. ಗೇಟಿನ ಕಾವಲಿಗೆ ಕೂರಿಸಿದರು, ಅದೇ ಗೇಟು. ನನಗೆ ಒಂದು ಎಚ್ಚರಿಕೆ ಪತ್ರ, ಅದು ಮಾತ್ರ ಸರಿಯಾಗಿ ತಲುಪಿತು. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಯ್ಯನವರನ್ನು ಅಮಾನತು ಮಾಡಿದರು. ಅವರು ಅಮಾನತಿನಲ್ಲೇ ನಿವೃತ್ತರಾದರು. ಠಾಣೆಯಲ್ಲಿ ಕೊನೆಯ ದಿನ ಹಾಕುವ ಹಾರವನ್ನೂ ಹಾಕಿಸಿಕೊಳ್ಳಲಿಲ್ಲ.

ಅಮಾನತಿನ ಆದೇಶ ಬಂದಾಗ ನಾನು ಮೇಲಧಿಕಾರಿಯ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಇದೇ ಮಗಳ ಮದುವೆಯವರು. ಬಾಗಿಲು ಮುಂದಕ್ಕೆ ಹಾಕಲು ಹೇಳಿ, "ವರದಿ ಮುಗ್ದೋಯ್ತು ಬಿಡ್ರೀ. ಈಗ ಬಾಯಿ ಬಿಟ್ರೆ ನಿಮ್ಗೂ ಅದೇ ಗತಿ ಕಣ್ರೀ. ಸರ್ಕಾರ ನಿಮ್ಮನ್ನ ಫಾರಿನ್ನಿಗೆ ಕಳ್ಸಿರೋದು ಎಲ್ರಿಗೂ ಪಾಠ ಹೇಳ್ಲಿ ಅಂತ. ಅದನ್ನ ಮಾಡಿ" ಎಂದರು. ನಾನು ಬರೆದು ಕೊಡಬಹುದಿತ್ತು. ಪೆನ್ನು ಜೇಬಿನಲ್ಲೇ ಇತ್ತು.

ಹೇಳಿದಂತೆ ಪಾಠ ಮಾಡಿದೆ. ಇಡೀ ಜಿಲ್ಲೆಯ ಅಧಿಕಾರಿಗಳಿಗೆ ಜೋನ್‌ಳ ಪುಸ್ತಕದ ಬಗ್ಗೆ ಹೇಳಿದೆ, ಖಾಲಿ ಜಾಗಕ್ಕೆ ಗೆರೆ ಎಳೆಯುವುದನ್ನು ಬೋರ್ಡಿನ ಮೇಲೆ ತೋರಿಸಿದೆ. ಅವರು ಆಕಳಿಸುತ್ತ ಕೇಳಿ, ಠಾಣೆಗೆ ಹೋಗಿ ಜಾಗ ಬಿಟ್ಟರು.

ಬನ್ನಿಮಂಟಪ

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಸರೆ. ಪಂಜಿನ ಕವಾಯತಿನ ಹಿಂದಿನ ದಿನದ ತಾಲೀಮು ನೋಡಲು ಮಧ್ಯಾಹ್ನದಿಂದಲೇ ಜನ ಸೇರಿದ್ದರು. ಬಂದೋಬಸ್ತು ನನ್ನದು. ಒಂದು ಕಡೆಯಿಂದ ನೂಕಾಟ ಶುರುವಾಯಿತು, ಕಟ್ಟಿದ್ದ ಬಿದಿರಿನ ಗಳಗಳು ಬಾಗತೊಡಗಿದವು, ನಮ್ಮ ಹುಡುಗರು ಲಾಠಿ ಎತ್ತಿಕೊಂಡರು. ನಾನು ಅವರನ್ನು ಹಿಂದಕ್ಕೆ ಸರಿಸಿ, ಹ್ಯಾಂಡ್ ಮೈಕು ಹಿಡಿದು, "ಕೂತ್ಕೊಳ್ಳಿ, ಕೂತೋರಿಗೆ ಮೊದ್ಲು ಒಳಗ್ಬಿಡ್ತೀವಿ" ಎಂದು ಕೂಗಿದೆ.

ಯಾರೂ ಕೂರಲಿಲ್ಲ. ಇನ್ನೊಮ್ಮೆ ಕೂಗಿದೆ. ಆಗ ಮುಂದಿನ ಸಾಲಿನಲ್ಲಿ ಬಿಳಿ ಷರಟಿನ ಒಬ್ಬರು ಟವಲ್ಲು ಹಾಸಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು. ಪಕ್ಕದವರು ಕೂತರು. ಅವರ ಹಿಂದಿನವರು ಕೂತರು. ನೋಡುತ್ತಿದ್ದಂತೆಯೇ ಆ ಕಡೆಯ ಜನವೆಲ್ಲ ಕೂತುಬಿಟ್ಟಿತು.

ಮೊದಲು ಕೂತವರು ಪುಟ್ಟಮಾದಯ್ಯ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋದೆ. ಅವರು ಏಳಲು ಹೋದರು, ಅಭ್ಯಾಸ. ಬೇಡವೆಂದು ಭುಜ ಹಿಡಿದು ನಾನೇ ಕುಕ್ಕುರುಗಾಲಲ್ಲಿ ಕೂತೆ.

"ಚೆನ್ನಾಗಿ ಕೇಳುಸ್ತು ಸಾರ್ ಇವತ್ತು" ಎಂದರು ಮೈಕು ನೋಡುತ್ತ. ಅದರಲ್ಲಿ ಕೊಂಕೇನೂ ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. "ಪುಟ್ಟಮಾದಯ್ಯನವರೇ, ಅವತ್ತು ನನ್ನ ಹಿಂದೇನೇ ಒಳಗೆ ಹೋದ್ರಲ್ಲ. ಜಾಗ ಬಿಡೋಕೆ ಹೇಳಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ?"

ಅವರು ಟವಲಿನ ಅಂಚನ್ನು ಸರಿಮಾಡಿಕೊಂಡರು.

"ನೀವು ಎಲ್ಲಾ ಒಪ್ಕಂಡ್ರಿ ಅಂತ ಒಳಗೆ ಅಂದ್ರು. ಅಷ್ಟೆಲ್ಲಾ ನಿಜ ಹೇಳಿದೋರು ಸಾಹೇಬ್ರು, ಅದೊಂದ್ನ ಬುಟ್ಟಿರ್ತಾರಾ, ಹೇಳೇ ಇರ್ತಾರೆ ಅಂದ್ಕಂಡೆ ಸಾರ್. ಆಮೇಲೆ ಗೊತ್ತಾಯ್ತು. ಇವತ್ತ್ ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಾ ಇದ್ದೆ."

ಹಿಂದಿನಿಂದ ಯಾರೋ ಒಳಗೆ ಬಿಡಿ ಎಂದು ಕೂಗಿದರು. ಮೈಕಿಗೆ ಅವತ್ತು ಬೆಳಿಗ್ಗೆಯಷ್ಟೇ ನಾನೇ ನಿಂತು ಹೊಸ ಸೆಲ್ಲು ಹಾಕಿಸಿದ್ದೆ. ಅದನ್ನು ಎತ್ತಿಕೊಂಡು ಎದ್ದು, ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಬರಬಹುದು ಎಂದು ಹೇಳಿದೆ.